ಅಳಿಲು ಎಷ್ಟು ದೂರದಲ್ಲಿ ಓಡುತ್ತದೆ? ನನ್ನ ಅಂಕಿಗಳನ್ನು ಪರೀಕ್ಷಿಸಿ ಹೇಳಿ

ಬೆಳಗಿನ_ನಡಿಗೆ
ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ದಿನವೂ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತೇನೆ. ಅಳಿಲಿನ ಕಡೆಗೆ ನೇರವಾಗಿ ಹೆಜ್ಜೆ ಹಾಕಿದರೆ ಅದು ಕಂಡ ಕೂಡಲೇ ಓಡುವುದಿಲ್ಲ. ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ, ತಲೆ ಎತ್ತುತ್ತದೆ, ಬಾಲವನ್ನು ಒಂದೆರಡು ಸಲ ಝಾಡಿಸುತ್ತದೆ. ನಾನು ಇನ್ನೂ ಹತ್ತಿರವಾದ ಮೇಲೆ, ಏನೋ ಒಂದು ಗೆರೆ ದಾಟಿದಂತೆ, ಸರ್ರನೆ ಮರ ಹತ್ತುತ್ತದೆ. ಆ ಗೆರೆ ಎಲ್ಲಿದೆ ಎಂದು ತಿಳಿಯುವ ಆಸೆ ಹುಟ್ಟಿತು.

ಮೂರು ವಾರ ಅಳೆದಿದ್ದೇನೆ. ಪ್ರತಿ ಸಲವೂ ಮೂರು ಗುರುತು: ನಾನು ನಡೆಯಲು ತೊಡಗಿದ ಜಾಗ, ಅಳಿಲು ತಲೆ ಎತ್ತಿದಾಗ ನಾನಿದ್ದ ಜಾಗ, ಅದು ಓಡಿದಾಗ ನಾನಿದ್ದ ಜಾಗ. ಬಣ್ಣ ಬಳಿದ ಮರದ ಬಿಲ್ಲೆಗಳನ್ನು ಬೀಳಿಸುತ್ತಾ ಹೋಗಿ, ಆಮೇಲೆ ಟೇಪು ಹಿಡಿದು ಅಳಿಲು ಕುಳಿತಿದ್ದ ಜಾಗದಿಂದ ಅಳೆಯುತ್ತೇನೆ. ಬಿಲ್ಲೆಗಳನ್ನು ಆರಿಸಿಕೊಂಡೇ ಬರುತ್ತೇನೆ, ಯಾರೂ ಚಿಂತಿಸಬೇಡಿ.

ಗ್ರಾಫ್ ಹಾಳೆಯಲ್ಲಿ ಹಾಕಿದಾಗ ಮೈ ಝುಮ್ಮೆಂದಿತು. ನಾನು ಹೆಚ್ಚು ದೂರದಿಂದ ಹೊರಟಷ್ಟೂ ಅಳಿಲು ಹೆಚ್ಚು ದೂರದಲ್ಲಿಯೇ ಓಡಿದೆ. ಚುಕ್ಕೆಗಳು ಓರೆಯಾಗಿ ಮೇಲೇರುತ್ತವೆ. ಬಹಳ ಹೊತ್ತಿನಿಂದ ತನ್ನತ್ತಲೇ ಬರುತ್ತಿರುವವರನ್ನು ಅಳಿಲು ಗಮನಿಸಿ, ಬೇಗ ಜಾಗ ಬಿಡುತ್ತದೆ ಎಂದು ನನ್ನ ತೀರ್ಮಾನ. ಓಡದೇ ಉಳಿದ ಅಳಿಲುಗಳನ್ನು ಮತ್ತು ನಡುವೆ ನಾಯಿ ಬಂದು ಕೆಟ್ಟುಹೋದ ಪ್ರಯತ್ನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಂಖ್ಯಾಶಾಸ್ತ್ರ ಬಲ್ಲವರು ನೋಡಿ ಹೇಳಬೇಕು.

ಹಳೇ_ಮೈಸೂರು
ಗ್ರಾಫಿನ ಚಿತ್ರ ಹಾಕಿ ಮೇಡಂ. ಬಿಲ್ಲೆಯ ಉಪಾಯ ಬಹಳ ಚೆನ್ನಾಗಿದೆ.

ಚೀಟಿ_ಲೆಕ್ಕ
ಮೇಡಂ, ಅಳತೆಯ ಕ್ರಮ ನಿಜಕ್ಕೂ ಶಿಸ್ತಿನದು. ಆದರೆ ಆ ಓರೆ ಗೆರೆಯನ್ನು ನಂಬಬೇಡಿ. ಅದು ಅಳಿಲು ಎಳೆದ ಗೆರೆಯಲ್ಲದೇ ಇರಬಹುದು.

ಒಂದು ಮಾತು ಗಮನಿಸಿ. ನೀವು 6 ಮೀಟರಿನಿಂದ ಹೊರಟರೆ, ಅಳಿಲು ಓಡಲು ತೊಡಗಿದಾಗ ನಿಮಗೂ ಅದಕ್ಕೂ ಇದ್ದ ದೂರ 6ಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. 20ರಿಂದ ಹೊರಟರೆ 20ರವರೆಗೆ ಏನೂ ಆಗಬಹುದು. ಈಗ ಬುದ್ಧಿಯೇ ಇಲ್ಲದ ಅಳಿಲೊಂದನ್ನು ಕಲ್ಪಿಸಿಕೊಳ್ಳಿ. ನೀವು ಹೊರಟ ಜಾಗಕ್ಕೂ ತನಗೂ ನಡುವೆ ಎಲ್ಲೋ ಒಂದು ಕಡೆ, ಮನಸ್ಸಿಗೆ ಬಂದಂತೆ ಓಡುತ್ತದೆ. 6ರಿಂದ ಹೊರಟಾಗ ಅದರ ಸರಾಸರಿ 3 ಮೀಟರ್, 20ರಿಂದ ಹೊರಟಾಗ 10 ಮೀಟರ್. ಗ್ರಾಫ್ ಹಾಕಿದರೆ ಅಂದವಾದ ಏರುಗೆರೆ ಬರುತ್ತದೆ, ಹೊರಟ ದೂರ ಒಂದು ಮೀಟರ್ ಹೆಚ್ಚಿದರೆ ಗೆರೆ ಅರ್ಧ ಮೀಟರ್ ಏರುತ್ತದೆ. ಅಳಿಲು ಏನನ್ನೂ ಲೆಕ್ಕ ಹಾಕಿರುವುದಿಲ್ಲ.

ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವವರಲ್ಲಿ ಇದು ದೊಡ್ಡ ಜಗಳವೇ ಆಗಿದೆ. ಡೇನಿಯಲ್ ಬ್ಲೂಮ್‌ಸ್ಟೈನ್ ಎಂಬ ಸಂಶೋಧಕರು 2003ರಲ್ಲಿ ಪಕ್ಷಿಗಳಲ್ಲಿ ನಿಮ್ಮಂಥದೇ ಸಂಬಂಧವನ್ನು ತೋರಿಸಿದರು. ಅದರಲ್ಲಿ ಎಷ್ಟು ಪಾಲು ಜೀವಿಯ ನಡವಳಿಕೆ, ಎಷ್ಟು ಪಾಲು ಬರೀ ಗಣಿತದ ನೆರಳು ಎಂದು 2012ರಲ್ಲಿ ಬೇರೆಯವರು ನೇರವಾಗಿ ಪ್ರಶ್ನಿಸಿದರು.

ಬೆಳಗಿನ_ನಡಿಗೆ
ಕ್ಷಮಿಸಿ, ನಾನು ಒಪ್ಪುವುದಿಲ್ಲ. ಅಳಿಲುಗಳನ್ನು ಕಣ್ಣಾರೆ ನೋಡಿದವಳು ನಾನು. ಅವು ಮನಸ್ಸಿಗೆ ಬಂದಂತೆ ಓಡುವುದಿಲ್ಲ. ನೋಡುತ್ತವೆ, ಕಾಯುತ್ತವೆ, ಆಮೇಲೆ ಓಡುತ್ತವೆ. ಅವುಗಳ ಕಣ್ಣಲ್ಲೇ ಅದು ಕಾಣುತ್ತದೆ.

ಚೀಟಿ_ಲೆಕ್ಕ
ಅಳಿಲಿಗೆ ಬುದ್ಧಿಯಿಲ್ಲ ಎಂದು ನಾನು ಹೇಳಲಿಲ್ಲ. ಬುದ್ಧಿಯಿಲ್ಲದ ಅಳಿಲೂ ಇದೇ ಗ್ರಾಫನ್ನು ಕೊಡುತ್ತದೆ, ಹಾಗಾಗಿ ಈ ಗ್ರಾಫು ಬುದ್ಧಿಗೆ ಸಾಕ್ಷಿಯಾಗಲಾರದು ಎಂದಷ್ಟೇ ಹೇಳಿದೆ.

ಮನೆಯಲ್ಲೇ ಮಾಡಿ ನೋಡಿ. 0ಯಿಂದ 99ರವರೆಗೆ ನೂರು ಚೀಟಿ ಬರೆದು ಡಬ್ಬದಲ್ಲಿ ಹಾಕಿ. ನಿಮ್ಮ ಪುಸ್ತಕದ ಮೊದಲ ಆರಂಭದ ದೂರವನ್ನು ತೆಗೆದುಕೊಳ್ಳಿ, ಒಂದು ಚೀಟಿ ಎತ್ತಿ, ದೂರದ ಅಷ್ಟು ಶೇಕಡವನ್ನು ಸುಳ್ಳು ಅಳಿಲಿನ ಓಟದ ದೂರವೆಂದು ಬರೆಯಿರಿ. ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಿ, ಮುಂದಿನ ಸಾಲಿಗೆ ಹೋಗಿ. ಎಲ್ಲ ಸಾಲು ಮುಗಿದ ಮೇಲೆ ಎರಡು ಗ್ರಾಫುಗಳನ್ನು ಪಕ್ಕಪಕ್ಕ ಇಡಿ.

ಕೊಕ್ಕೋ_ತೋಟ
ಅಡಿಕೆ, ಕೊಕ್ಕೋ ಬೆಳೆಯುವವನು ನಾನು, ಪುತ್ತೂರಿನ ಕಡೆಯವನು. ನಿಮ್ಮ ಲಾಲ್‌ಬಾಗಿನ ಅಳಿಲು ಕೈಯಳತೆಗೆ ಬಂದರೂ ಕುಳಿತಿರುತ್ತದೆ. ನಮ್ಮ ತೋಟದ ಅಳಿಲು ಅಂಗಳದ ಬಾಗಿಲು ಕಿರ್ರೆಂದರೆ ಸಾಕು, ಮರದ ಆಚೆ ಬದಿಗೆ ಸೇರುತ್ತದೆ. ಹಣ್ಣಾದ ಕೊಕ್ಕೋ ಕಾಯಿಗೆ ತೂತು ಕೊರೆದು, ಬೀಜದ ಸುತ್ತಲಿನ ಸಿಹಿ ಲೋಳೆಯನ್ನು ಚೀಪಿ, ಬೀಜವನ್ನು ಕೆಳಗೆ ಉದುರಿಸುತ್ತದೆ. ನಾವು ಅಟ್ಟಿ ಅಟ್ಟಿ ಸಾಕಾಗಿದ್ದೇವೆ. ಅದಕ್ಕೂ ನಮ್ಮ ಮುಖ ಗೊತ್ತಾಗಿದೆ. ನೆಂಟರು ಬಂದರೆ ಇಷ್ಟು ಹೆದರುವುದಿಲ್ಲ, ಇದು ನಾನು ಕಂಡ ಮಾತು. ಸಂಖ್ಯಾಶಾಸ್ತ್ರ ಮಾಡುವುದಾದರೆ ಅಟ್ಟುವ ಊರಿನಲ್ಲೂ ಮಾಡಿ.

ಬಾಲದ_ಗುರುತು
ಕೊಕ್ಕೋ ತೋಟದವರ ಮಾತು ಬಹಳ ಮುಖ್ಯ. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ, ನನ್ನ ಪಾಲಿನ ಎರಡು ಮಾತು ಸೇರಿಸುತ್ತೇನೆ.

ಅಳಿಲು ಕಂಡ ಕೂಡಲೇ ಏಕೆ ಓಡುವುದಿಲ್ಲ ಎಂಬುದಕ್ಕೆ ರಾನ್ ಐಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ ಎಂಬ ಸಂಶೋಧಕರು 1986ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಓಡುವುದಕ್ಕೂ ಬೆಲೆಯಿದೆ: ಬಾಯಿಗೆ ಬಂದ ತುತ್ತು ಹೋಗುತ್ತದೆ, ಶಕ್ತಿ ವ್ಯಯವಾಗುತ್ತದೆ. ಕುಳಿತಿರುವುದಕ್ಕೂ ಬೆಲೆಯಿದೆ, ಅದು ಜೀವದ ಬೆಲೆ, ಶತ್ರು ಹತ್ತಿರವಾದಂತೆ ಏರುತ್ತದೆ. ಎರಡೂ ಸಮವಾದ ಜಾಗದಲ್ಲಿ ಪ್ರಾಣಿ ಓಡುತ್ತದೆ. ಮೇಡಂ ಕಂಡ "ಗೆರೆ" ಅದೇ. 1989ರಲ್ಲಿ ಡಿಲ್ ಮತ್ತು ಹೌಟ್‌ಮನ್ ಉತ್ತರ ಅಮೆರಿಕದ ಬೂದು ಅಳಿಲಿನ ಮೇಲೆ ಇದನ್ನು ಪರೀಕ್ಷಿಸಿದರು. ಮರದಿಂದ ಹೆಚ್ಚು ದೂರದಲ್ಲಿದ್ದ ಅಳಿಲು ಹೆಚ್ಚು ದೂರದಲ್ಲಿಯೇ ಓಡಿತು.

ಆದ್ದರಿಂದ ಮೇಡಂ, ಹತ್ತಿರದ ಮರಕ್ಕೆ ಎಷ್ಟು ದೂರವಿತ್ತು ಎಂಬ ಕಲಮು ನಿಮ್ಮ ಪುಸ್ತಕದಲ್ಲಿ ಇದೆಯೇ? ಇಲ್ಲದಿದ್ದರೆ ಇನ್ನೊಂದು ಬಲೆ ಕಾದಿದೆ. ಹುಲ್ಲುಹಾಸಿನ ಬಯಲಿನಲ್ಲಿ ಅಳಿಲು ದೂರದಿಂದಲೇ ಕಾಣುತ್ತದೆ, ಹಾಗಾಗಿ ನೀವು ದೂರದಿಂದಲೇ ಹೊರಡುತ್ತೀರಿ. ಅದೇ ಬಯಲಿನಲ್ಲಿ ಮರವೂ ದೂರ, ಹಾಗಾಗಿ ಅಳಿಲು ಬೇಗ ಓಡುತ್ತದೆ. ಮರಗಳ ಸಾಲಿನಲ್ಲಿ ಅಳಿಲು ಕಾಣುವುದೇ ಹತ್ತಿರ ಬಂದಮೇಲೆ, ಬುಡವೂ ಪಕ್ಕದಲ್ಲೇ ಇರುತ್ತದೆ. ನಿಮ್ಮ ಏರುಗೆರೆಯ ಒಂದು ಪಾಲು ಇದರಿಂದಲೇ ಬಂದಿರಬಹುದು.

ಬೆಳಗಿನ_ನಡಿಗೆ
ಮರದ ದೂರ ಬರೆದಿಲ್ಲ. ಆದರೆ ಜಾಗ ಬರೆದಿದ್ದೇನೆ. ಗಾಜಿನ ಮನೆಯ ಮುಂದಿನ ಹುಲ್ಲುಹಾಸಿನವು ಬಹುತೇಕ ದೂರದವು, ಹೌದು. ಇದು ನನಗೆ ಹೊಳೆದಿರಲಿಲ್ಲ.

ಹಡ್ಸನ್_ದಡ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 2018ರ ಅಕ್ಟೋಬರಿನಲ್ಲಿ ಸ್ವಯಂಸೇವಕರು ಅಳಿಲು ಗಣತಿ ಮಾಡಿದರು. 3,023 ಸಲ ಅಳಿಲು ಕಂಡದ್ದನ್ನು ಒಂದೊಂದಾಗಿ ದಾಖಲಿಸಿದ್ದಾರೆ. ಮೈಬಣ್ಣ, ಹೊತ್ತು, ನೆಲದ ಮೇಲೋ ಮರದ ಮೇಲೋ ಎಲ್ಲವೂ ಇದೆ. ಮನುಷ್ಯರ ಹತ್ತಿರ ಬಂತೇ, ಲಕ್ಷ್ಯ ಮಾಡಲಿಲ್ಲವೇ, ಓಡಿತೇ ಎಂಬ ಕಲಮುಗಳೂ ಇವೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮೂರು ವಾರ ಕಷ್ಟಪಡುವ ಬದಲು ಅದನ್ನೇ ವಿಶ್ಲೇಷಿಸಬಹುದಲ್ಲವೇ?

ಚೀಟಿ_ಲೆಕ್ಕ
ಆ ಗಣತಿ ಅಮೂಲ್ಯವಾದದ್ದು, ಆದರೆ ಈ ಪ್ರಶ್ನೆಗೆ ಒದಗುವುದಿಲ್ಲ. ಅಲ್ಲಿ "ಓಡಿತು" ಎಂದಿದೆ, ಎಷ್ಟು ದೂರದಲ್ಲಿ ಓಡಿತು ಎಂದಿಲ್ಲ. ನೋಡುವವರು ಒಂದೇ ವೇಗದಲ್ಲಿ ನೇರವಾಗಿ ಅಳಿಲಿನತ್ತ ನಡೆದದ್ದೂ ಅಲ್ಲ. 3,023 ಎಂಬುದು ಕಂಡ ಸಲಗಳ ಲೆಕ್ಕ, ಅಷ್ಟು ಅಳಿಲುಗಳಿವೆ ಎಂದಲ್ಲ. ಒಟ್ಟು ಅಳಿಲುಗಳು 2,373 ಎಂದು ಅವರೇ ಬೇರೆಯಾಗಿ ಅಂದಾಜು ಮಾಡಿದ್ದಾರೆ. ಅಂಕಿ ಎಷ್ಟು ದೊಡ್ಡದಾದರೇನು, ಅಳೆಯದೇ ಇದ್ದದ್ದನ್ನು ಅದು ಹೇಳಲಾರದು.

ಹಡ್ಸನ್_ದಡ
ಸರಿ, ಒಪ್ಪಿದೆ. ಹಾಗಾದರೆ ಇನ್ನೊಂದು ಹೇಳುತ್ತೇನೆ, ಇದು ನಿಮಗೆ ಉಪಯೋಗವಾಗುತ್ತದೆ. ಬೇಟ್‌ಮನ್ ಮತ್ತು ಫ್ಲೆಮಿಂಗ್ ಎಂಬ ಇಬ್ಬರು ಮ್ಯಾನ್‌ಹಟನ್ನಿನ ಅಳಿಲುಗಳ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕಾಲುದಾರಿಯಲ್ಲೇ ತಮ್ಮ ಪಾಡಿಗೆ ಹೋಗುವವರನ್ನು ಅಲ್ಲಿನ ಅಳಿಲುಗಳು ಲಕ್ಷಿಸುವುದೇ ಕಡಿಮೆ. ದಾರಿ ಬಿಟ್ಟು ಇಳಿದು, ಅಳಿಲನ್ನೇ ನೋಡುತ್ತಾ ಬರುವವರಿಗೆ ಕೂಡಲೇ ಎಚ್ಚರಗೊಳ್ಳುತ್ತವೆ. ಮೇಡಂ, ನೀವು ದಾರಿಯ ಮೇಲಿದ್ದಿರೋ, ಹುಲ್ಲಿಗೆ ಇಳಿದಿದ್ದಿರೋ, ಕಣ್ಣು ಎಲ್ಲಿತ್ತು, ಎಲ್ಲವನ್ನೂ ಬರೆಯಬೇಕು.

ಹಳೇ_ಮೈಸೂರು
ನಮ್ಮ ಕಂಪೌಂಡಿನ ಗೋಡೆಯ ಮೇಲಿನ ಅಳಿಲೂ ಹಾಗೆಯೇ. ಬಟ್ಟೆ ಒಣಗಿಸಲು ಹೋದರೆ ಕದಲುವುದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಅದರತ್ತ ತಿರುಗಿದರೆ ಮಾಯ.

ಮಲೆನಾಡ_ಮಳೆ
ಓಡುವುದೊಂದೇ ಉಪಾಯವಲ್ಲ ಎಂಬುದೂ ನೆನಪಿರಲಿ. ನಮ್ಮ ಕಡೆಯ ದೊಡ್ಡ ಗಾತ್ರದ ಕೆಂಜಳಿಲು ಅಪಾಯ ಕಂಡಾಗ ಅನೇಕ ಸಲ ಕೊಂಬೆಗೆ ಚಪ್ಪಟೆಯಾಗಿ ಅಂಟಿಕೊಂಡು ಅಲುಗಾಡದೇ ಇರುತ್ತದೆ. ಅದನ್ನು "ಹೆದರಲಿಲ್ಲ" ಎಂದು ಬರೆದರೆ ಪೂರ್ತಿ ತಪ್ಪು.

ಹಳೇ_ಮೈಸೂರು
ಬೆನ್ನಿನ ಮೂರು ಗೆರೆ ರಾಮ ಸವರಿದ ಬೆರಳ ಗುರುತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಸೇತುವೆಗೆ ಮರಳು ಹೊತ್ತ ಪ್ರಾಣಿ ಮನುಷ್ಯನಿಗೆ ಹೆದರುವಂತಾಯಿತಲ್ಲ ಎಂದು ಬೇಸರವಾಗುತ್ತದೆ.

ಬಾಲದ_ಗುರುತು
ನಮ್ಮಲ್ಲಿ ಮೂರು ಗೆರೆಯದು, ಉತ್ತರ ಭಾರತದಲ್ಲಿ ಐದು ಗೆರೆಯದು. ಆ ಐದು ಗೆರೆಯ ಅಳಿಲು 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರಕ್ಕೂ ಹೋಯಿತು. ಅಲ್ಲಿನ ಮೃಗಾಲಯದಿಂದ ಹೊರಬಿದ್ದು ಇಂದಿಗೂ ಬದುಕಿದೆ. ಪಶ್ಚಿಮಘಟ್ಟದಲ್ಲಿ ಮೂರು ಗೆರೆಯದೇ ಇನ್ನೊಂದು ಜಾತಿ ಇದೆ, ಕಾಡಿನ ಅಳಿಲು. ಕೊಕ್ಕೋ ತೋಟದವರೇ, ನಿಮ್ಮಲ್ಲಿ ಇರುವುದು ಆ ಜಾತಿಯೂ ಆಗಿರಬಹುದು. ಆಗ ಲಾಲ್‌ಬಾಗಿಗೂ ನಿಮ್ಮ ತೋಟಕ್ಕೂ ಇರುವ ವ್ಯತ್ಯಾಸವನ್ನು ಅಟ್ಟುವಿಕೆಯ ಮೇಲೆ ಮಾತ್ರ ಹೊರಿಸಲಾಗದು.

ಕೊಕ್ಕೋ_ತೋಟ
ಎರಡೂ ಇವೆ. ಕಾಡಿನಂಚಿನ ಕಡೆ ಕಪ್ಪು ಹೆಚ್ಚಿರುವುದು, ಮನೆಯ ಕಡೆ ತಿಳಿ ಬಣ್ಣದ್ದು. ಎರಡನ್ನೂ ಅಟ್ಟುತ್ತೇವೆ.

ಮಲೆನಾಡ_ಮಳೆ
ಅಳಿಲು ಬಾಲ ಝಾಡಿಸುತ್ತದೆ ಎಂದು ಮೇಡಂ ಮೊದಲೇ ಬರೆದಿದ್ದರು, ಅದಕ್ಕೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ನೆಲ ಅಳಿಲು ಬುಡುಬುಡಿಕೆ ಹಾವಿನ ಮುಂದೆ ಬಾಲವನ್ನು ಬಿಸಿ ಮಾಡಿಕೊಂಡು ಆಡಿಸುತ್ತದೆ ಎಂದು 2007ರಲ್ಲಿ ಕಂಡುಹಿಡಿದರು. ಆ ಹಾವಿಗೆ ಶಾಖದ ಕಿರಣ ಕಾಣುತ್ತದೆ. ಶಾಖ ಕಾಣದ ಬೇರೆ ಹಾವಿನ ಮುಂದೆ ಬಾಲ ಆಡಿಸಿದರೂ ಬಿಸಿ ಮಾಡುವುದಿಲ್ಲ! ಎದುರಿಗಿರುವವನು ಯಾರು ಎಂದು ನೋಡಿ ನಡೆಯುವ ಜೀವಿ ಅದು.

ನೋಡಿ_ಸುಮ್ಮನಿರಿ
ಎಲ್ಲವನ್ನೂ ಓದಿದೆ. ನನಗೆ ಇದು ಸರಿ ಕಾಣುತ್ತಿಲ್ಲ. ತಿನ್ನುತ್ತಿರುವ ಪ್ರಾಣಿಯನ್ನು ನೂರು ಸಲ ಬೆದರಿಸಿ ಓಡಿಸುವುದು ಯಾವ ಜ್ಞಾನಕ್ಕಾಗಿ? ಮರಿಗಳಿಗೆ ಹಾಲೂಡುವ ತಾಯಿ ಅಳಿಲು ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತು ಬೆಳಗೇ. ದೂರದಲ್ಲಿ ಬೆಂಚಿನ ಮೇಲೆ ಕುಳಿತು, ಬೇರೆಯವರು ಹಾದುಹೋಗುವಾಗ ಏನಾಗುತ್ತದೆ ಎಂದು ನೋಡಿ ಬರೆಯಬಾರದೇ?

ಬಾಲದ_ಗುರುತು
ಈ ಆಕ್ಷೇಪವನ್ನು ಗೌರವಿಸುತ್ತೇನೆ. ಆದರೆ ಈ ದೂರ ತಿಳಿದರೆ ಉಪಯೋಗವೂ ಪ್ರಾಣಿಗಳಿಗೇ. ಪಕ್ಷಿಗಳು ಗೂಡು ಕಟ್ಟುವ ಕೆರೆಗಳಲ್ಲಿ ಜನ ಎಲ್ಲಿಯವರೆಗೆ ಹೋಗಬಹುದು ಎಂದು ಬೇಲಿ ಹಾಕಲು ಇಂಥ ಅಳತೆಗಳನ್ನೇ ಆಧಾರವಾಗಿ ಬಳಸುತ್ತಾರೆ. ಒಂದೇ ಅಳಿಲನ್ನು ಒಂದು ದಿನದಲ್ಲಿ ಎರಡನೇ ಸಲ ಬೆದರಿಸದಿರುವುದು, ಗೂಡಿನ ಮರದ ಬಳಿ ಮಾಡದಿರುವುದು, ಓಡಿದ ಮೇಲೆ ಹಿಂಬಾಲಿಸದಿರುವುದು, ಈ ಮೂರು ನಿಯಮ ಇರಲೇಬೇಕು.

ಬೆಳಗಿನ_ನಡಿಗೆ
ಚೀಟಿ ಎತ್ತಿ ನೋಡಿದೆ. ಮೊಮ್ಮಗಳು ಡಬ್ಬ ಕುಲುಕಿದಳು, ನಾನು ಬರೆದೆ. ಎರಡು ಗ್ರಾಫುಗಳನ್ನು ಪಕ್ಕದಲ್ಲಿಟ್ಟು ಅವಳನ್ನೇ ಕೇಳಿದೆ, ಯಾವುದು ಅಳಿಲಿನದು, ಯಾವುದು ಡಬ್ಬದ್ದು ಎಂದು. ಅವಳು ಡಬ್ಬದ್ದನ್ನು ಅಳಿಲಿನದು ಎಂದಳು.

ಮೂರು ವಾರ ನನಗೆ ಸಂತೋಷ ಕೊಟ್ಟ ಗೆರೆ ಅದು. ನಿನ್ನೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗ್ರಾಫ್ ಹಾಕಲು ಕಲಿಸಿದೆ. ಅಳತೆಯ ಮಿತಿಯೇ ಗೆರೆಯನ್ನು ಎಳೆಯಬಲ್ಲದು ಎಂದು ಒಮ್ಮೆಯೂ ಹೇಳಿಕೊಡಲಿಲ್ಲ. ಚೀಟಿ ಲೆಕ್ಕದವರೇ, ನೀವು ಹೇಳಿದ್ದು ಸರಿ. ಈಗ ಹೇಳಿ, ಈ ಅಂಕಿಗಳಿಂದ ಏನಾದರೂ ಉಳಿಸಿಕೊಳ್ಳಬಹುದೇ, ಎಲ್ಲವನ್ನೂ ಎಸೆಯಬೇಕೇ?

ಚೀಟಿ_ಲೆಕ್ಕ
ಒಂದನ್ನೂ ಎಸೆಯಬೇಡಿ. ಎಸೆದದ್ದನ್ನು ಮೊದಲು ಎತ್ತಿಕೊಳ್ಳಿ. ಓಡದೇ ಉಳಿದ ಅಳಿಲುಗಳನ್ನು ಲೆಕ್ಕದಿಂದ ಬಿಟ್ಟೆ ಎಂದಿರಲ್ಲ, ಅದು ಗೆರೆಗಿಂತ ದೊಡ್ಡ ತಪ್ಪು. ಊರಿನವರ ಆಯುಷ್ಯದ ಸರಾಸರಿಯನ್ನು ಸತ್ತವರನ್ನು ಮಾತ್ರ ಎಣಿಸಿ ತೆಗೆದಂತೆ ಅದು. ಜಗಲಿಯ ಮೇಲೆ ಇನ್ನೂ ಕುಳಿತಿರುವ ತೊಂಬತ್ತರ ಅಜ್ಜಿ ಲೆಕ್ಕಕ್ಕೇ ಬರುವುದಿಲ್ಲ.

ಈ ಉಪಮೆಯನ್ನು ಬೇಕೆಂದೇ ಕೊಟ್ಟೆ. ರೋಗಿಗಳು ಎಷ್ಟು ಕಾಲ ಬದುಕುತ್ತಾರೆ ಎಂದು ಲೆಕ್ಕ ಹಾಕಲು 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಎಂಬ ಸಂಖ್ಯಾಶಾಸ್ತ್ರಜ್ಞರು ಕೊಟ್ಟ ವಿಧಾನವೇ ನಿಮಗೆ ಬೇಕಾದದ್ದು. ಅಲ್ಲಿ ಕಾಲ ಮುಂದೆ ಸರಿಯುತ್ತದೆ, ಇಲ್ಲಿ ದೂರ ಕಡಿಮೆಯಾಗುತ್ತದೆ, ಅಷ್ಟೇ ಭೇದ. ದೂರವನ್ನು ಎರಡೆರಡು ಮೀಟರಿನ ಪಟ್ಟಿಗಳಾಗಿ ಮಾಡಿ. ಪ್ರತಿ ಪಟ್ಟಿಯಲ್ಲಿ ಒಂದೇ ಪ್ರಶ್ನೆ: ಇನ್ನೂ ಕುಳಿತಿದ್ದ ಅಳಿಲುಗಳಲ್ಲಿ ಎಷ್ಟು ಪಾಲು ಈ ಪಟ್ಟಿಯಲ್ಲಿ ಓಡಿದವು?

ಕಲ್ಪಿತ ಉದಾಹರಣೆ ಕೊಡುತ್ತೇನೆ. 10 ಮೀಟರಿನಲ್ಲಿ 20 ಅಳಿಲು ಕುಳಿತಿವೆ. 10ರಿಂದ 8ರ ಪಟ್ಟಿಯಲ್ಲಿ 5 ಓಡಿದವು. ಉಳಿದದ್ದು 20ರಲ್ಲಿ 15, ಅಂದರೆ 0.75. ಈಗ ನೀವು 8 ಮೀಟರಿನಿಂದಲೇ ಹೊರಟ 9 ನಡಿಗೆಗಳು ಇಲ್ಲಿ ಸೇರುತ್ತವೆ, ಕುಳಿತವು 24 ಆಗುತ್ತವೆ. 8ರಿಂದ 6ರ ಪಟ್ಟಿಯಲ್ಲಿ 6 ಓಡಿದವು. ಉಳಿದದ್ದು 24ರಲ್ಲಿ 18, ಮತ್ತೆ 0.75. ಎರಡನ್ನೂ ಗುಣಿಸಿದರೆ 0.56 ಚಿಲ್ಲರೆ. ಹತ್ತು ಮೀಟರಿನಲ್ಲಿ ಕುಳಿತಿದ್ದ ಅಳಿಲು ಆರು ಮೀಟರಿನವರೆಗೂ ಕುಳಿತಿರುವ ಸಂಭವ ಅದು. ನಾಯಿ ಬಂದು ಕೆಟ್ಟ ಪ್ರಯತ್ನವೂ ನಾಯಿ ಬಂದ ದೂರದವರೆಗೆ ಎಣಿಕೆಯಲ್ಲಿರುತ್ತದೆ, ಆಮೇಲೆ ಹೊರಗೆ ಹೋಗುತ್ತದೆ.

ಹತ್ತಿರದಿಂದ ಹೊರಟ ನಡಿಗೆ ತಾನು ನೋಡದ ದೂರದ ಬಗ್ಗೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಮೊದಲ ಗ್ರಾಫನ್ನು ಕೆಡಿಸಿದ್ದು ಅದೇ ತಾನೇ? ಇಷ್ಟಾದ ಮೇಲೂ, ಒಂದೇ ಪಟ್ಟಿಯಲ್ಲಿ, ದೂರದಿಂದ ಬಂದ ನಡಿಗೆಗೆ ಅಳಿಲುಗಳು ಹೆಚ್ಚು ಓಡಿದ್ದರೆ, ಮರದ ದೂರವನ್ನೂ ಸಮ ಮಾಡಿ ನೋಡಿದ ಮೇಲೆ ಹಾಗಿದ್ದರೆ, ನಿಮ್ಮ ಮೊದಲ ಊಹೆಗೆ ನಿಜವಾದ ಬಲ ಬರುತ್ತದೆ. ನಾನು ಆಗ ಸಂತೋಷದಿಂದ ಒಪ್ಪುತ್ತೇನೆ.

ಹಡ್ಸನ್_ದಡ
ನೂರು ನಡಿಗೆ ಎಂದರೆ ನೂರು ಅಳಿಲು ಎಂದಲ್ಲವಲ್ಲ? ಅದೇ ಮರದ ಅದೇ ಅಳಿಲು ದಿನವೂ ಸಿಕ್ಕಿರಬಹುದು.

ಚೀಟಿ_ಲೆಕ್ಕ
ಹೌದು, ಇದೂ ಹಳೆಯ ರೋಗ. ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲೇ ತಮ್ಮ ಸಹ ವಿಜ್ಞಾನಿಗಳನ್ನು ಇದಕ್ಕಾಗಿ ಗದರಿಸಿದ್ದರು. ಒಂದೇ ಅಳಿಲನ್ನು ಹತ್ತು ಸಲ ಅಳೆದರೆ ಹತ್ತು ಅಳಿಲುಗಳ ಸಾಕ್ಷಿ ಸಿಗುವುದಿಲ್ಲ. ಗುರುತು ಹಚ್ಚಲು ಆಗದಿದ್ದರೆ ಜಾಗವನ್ನೇ ಗುಂಪಾಗಿ ಹಿಡಿಯಿರಿ, ಒಂದು ಮರದ ಸುತ್ತಲಿನ ಎಲ್ಲ ನಡಿಗೆಗಳೂ ಒಂದೇ ಗುಂಪು.

ಬಾಲದ_ಗುರುತು
ಗುರುತು ಹಚ್ಚಿದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಉದ್ಯಾನದ ಅಳಿಲು ಜನರನ್ನು ಕಂಡು ಕಂಡು ರೂಢಿಯಾಯಿತೇ, ಅಥವಾ ಮೊದಲೇ ಧೈರ್ಯವಿದ್ದವು ಮಾತ್ರ ಅಲ್ಲಿ ಉಳಿದವೇ? ಎರಡರಲ್ಲೂ ಸರಾಸರಿ ಒಂದೇ ಬರುತ್ತದೆ. ಒಂದೇ ಅಳಿಲಿನ ದೂರ ತಿಂಗಳುಗಳಲ್ಲಿ ಕಡಿಮೆಯಾಗುತ್ತಾ ಬಂದರೆ ಮಾತ್ರ ರೂಢಿ ಎನ್ನಬಹುದು. ಬಾಲ ತುಂಡಾದವು, ಕಿವಿ ಹರಿದವು ಸಿಕ್ಕರೆ ಬಿಡಬೇಡಿ.

ಕೊಕ್ಕೋ_ತೋಟ
ನನ್ನಲ್ಲಿ ಅರ್ಧ ಬಾಲದ್ದು ಒಂದಿದೆ. ನನಗೂ ಹಾಳೆ ಕಳುಹಿಸಿ, ತೋಟದಲ್ಲಿ ಅಳೆಯುತ್ತೇನೆ. ಅಳೆಯುವ ದಿನ ಅಟ್ಟುವುದಿಲ್ಲ.

ನೋಡಿ_ಸುಮ್ಮನಿರಿ
ಮೂರು ನಿಯಮ ಪಾಲಿಸುವುದಾದರೆ ನಾನೂ ಬರುತ್ತೇನೆ. ಬೆಂಚಿನ ಮೇಲೆ ಕುಳಿತು, ಯಾರೂ ಬೆದರಿಸದಾಗ ಅಳಿಲು ಎಷ್ಟು ಹೊತ್ತಿಗೊಮ್ಮೆ ತಾನಾಗಿಯೇ ಮರ ಹತ್ತುತ್ತದೆ ಎಂದು ಬರೆಯುತ್ತೇನೆ. ನೀವು ಬಂದಿದ್ದಕ್ಕೇ ಓಡಿತು ಎನ್ನಲು ಅದೂ ಬೇಕಲ್ಲವೇ?

ಚೀಟಿ_ಲೆಕ್ಕ
ಖಂಡಿತ ಬೇಕು. ನಾನು ಇದನ್ನು ಮರೆತೇ ಇದ್ದೆ. ದಯವಿಟ್ಟು ಬನ್ನಿ.

ಬೆಳಗಿನ_ನಡಿಗೆ
ಹೊಸ ಹಾಳೆ ಮಾಡಿದ್ದೇನೆ. ಕಲಮುಗಳು: ಜಾಗ, ಹತ್ತಿರದ ಮರಕ್ಕೆ ದೂರ, ದಾರಿಯೋ ಹುಲ್ಲೋ, ಹೊರಟ ದೂರ, ತಲೆ ಎತ್ತಿದ ದೂರ, ಕೊನೆಯ ದೂರ, ಓಡಿತೇ ಇಲ್ಲವೇ, ನಿಂತಿದ್ದಕ್ಕೆ ಕಾರಣ, ಗುರುತು. ಹೊರಡುವ ದೂರವನ್ನು ಇನ್ನು ನಾನು ಆರಿಸುವುದಿಲ್ಲ, ಚೀಟಿ ಎತ್ತುತ್ತೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಪಶ್ಚಿಮ ದ್ವಾರದ ಒಳಗೆ ಇರುತ್ತೇನೆ. ಟೇಪು ನನ್ನಲ್ಲಿ ಒಂದೇ ಇದೆ, ಯಾರಾದರೂ ಇನ್ನೊಂದು ತನ್ನಿ. ಮೊಮ್ಮಗಳು ಡಬ್ಬ ಹಿಡಿಯಲು ಬರುತ್ತಾಳೆ.

ಹಳೇ_ಮೈಸೂರು
ಮೂವತ್ತು ಮೀಟರಿನ ಟೇಪು ನನ್ನಲ್ಲಿದೆ, ತರುತ್ತೇನೆ. ಗ್ರಾಫಿನ ಚಿತ್ರ ಇನ್ನೂ ಹಾಕಲಿಲ್ಲ ಮೇಡಂ, ಎರಡನ್ನೂ ಹಾಕಿ.